ಸುಮೊ ಇಂಜಿನ್ ಬೇರೆ, ಸ್ವಿಫ್ಟ್ ಇಂಜಿನ್ ಬೇರೆ

ಮಾನ್ವಿ, ಸಿರವಾರ, ದೇವದುರ್ಗ ಕಡೆಯ ಯಾವ ಊರಿಗಾದರೂ ಹೋಗಿ ಬಾಡಿಗೆಗೆ ಕಾರು ಯಾವುದಿದೆ ಎಂದು ಕೇಳಿ. ಬಾಗಲವಾಡದಲ್ಲಿ ಕೇಳಿದರೂ ಉತ್ತರ ಹೆಚ್ಚುಕಡಿಮೆ ಇದೇ: ಒಂದು ಹಳೇ ಸ್ವಿಫ್ಟ್ ಡಿಸೈರ್, ಒಂದು ಬೊಲೆರೊ, ಸ್ವಲ್ಪ ಅನುಕೂಲಸ್ಥರ ಮನೆ ಮುಂದೆ ಇನ್ನೋವಾ. ಬಹುತೇಕ ಎಲ್ಲವೂ ಡೀಸೆಲ್. ನಡುರಾತ್ರಿ ಹೆರಿಗೆ ನೋವು ಬಂದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಓಡುವುದು ಈ ಗಾಡಿಗಳೇ. ಮದುವೆಗೆ, ಮಂತ್ರಾಲಯಕ್ಕೆ, ಕೋರ್ಟಿಗೆ, ಬೆಂಗಳೂರಿಗೆ ಗುಳೆ ಹೋದವರನ್ನು ಕರೆತರಲಿಕ್ಕೂ ಇವೇ.

ಇದೇ ಗಾಡಿಗಳು ಆಗಾಗ ಗ್ಯಾರೇಜಿನ ಮುಂದೆ ಬಾನೆಟ್ ತೆರೆದುಕೊಂಡು ತಿಂಗಳುಗಟ್ಟಲೆ ನಿಂತಿರುವುದನ್ನೂ ನೋಡುತ್ತೇವೆ. ಟರ್ಬೊ ಹೋಗಿದೆ, ನಾಜಲ್ ಹೋಗಿದೆ, ಚೈನ್ ಜಿಗಿದಿದೆ. ಹತ್ತಿ ಮಾರಿದ ದುಡ್ಡು, ಸೊಸೈಟಿ ಸಾಲ ಎರಡನ್ನೂ ಕೂಡಿಸಿ ತಂದ ಗಾಡಿ ಅದು. ಮಾಲೀಕರನ್ನು ಕೇಳಿದರೆ ಮೊದಲು ಬರುವ ಮಾತು, "ಡೀಸೆಲ್ ಇಂಜಿನ್ ಅಲ್ಲೇನ್ರಿ, ಅದಕ್ಕೇನಾಗ್ತದ ಅಂತ ತಿಳ್ಕೊಂಡಿದ್ವಿ."

ಈ ನಂಬಿಕೆ ಸುಳ್ಳಲ್ಲ, ಹಳೆಯದು. ಅದು ಹುಟ್ಟಿದ್ದು ಬೇರೊಂದು ಇಂಜಿನ್ನಿನ ಮೇಲೆ.

ಹೊಲದಲ್ಲಿ ಹುಟ್ಟಿದ ನಂಬಿಕೆ

ನಮ್ಮ ಜನಕ್ಕೆ ಡೀಸೆಲ್ ಇಂಜಿನ್ ಮೊದಲು ಪರಿಚಯವಾಗಿದ್ದು ಕಾರಿನಲ್ಲಲ್ಲ, ಹೊಲದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇಟಿನಲ್ಲಿ ನೀರು ಬಾರದಿದ್ದಾಗ ಹಳ್ಳಕ್ಕೋ ಕಾಲುವೆಗೋ ಪೈಪು ಬಿಟ್ಟು "ಆಯಿಲ್ ಇಂಜಿನ್" ಹೂಡುವುದು ಇಲ್ಲಿ ಮಾಮೂಲು. ಆ ಇಂಜಿನ್ ಅಂದರೆ ಬಾಯಿಗೆ ಬರುವ ಹೆಸರು ಕಿರ್ಲೋಸ್ಕರ್. ಆ ಕಾರ್ಖಾನೆಗಳ ಬೀಜ ಬಿತ್ತಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ 1946ರಲ್ಲಿ ಪುಣೆಯಲ್ಲಿ ಶುರುವಾಯಿತು.

ಆ ಇಂಜಿನ್ ಎಂಥದ್ದು? ಮಳೆಯಲ್ಲಿ ನೆನೆಯುತ್ತದೆ, ಬಿಸಿಲಲ್ಲಿ ಒಣಗುತ್ತದೆ. ಎಣ್ಣೆ ಕಪ್ಪಾದರೂ ಓಡುತ್ತದೆ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಸ್ವಲ್ಪ ಗೊಣಗಿ ಓಡುತ್ತದೆ. ಗಾಳಿ ಹಿಡಿದರೆ ಪಾನಾ ಹಿಡಿದು ಒಂದು ನಟ್ಟು ಸಡಿಲಿಸಿ ಏರ್ ತೆಗೆದರೆ ಮತ್ತೆ ಡಬಡಬ. ಬ್ಯಾಟರಿ ಇಲ್ಲ, ವೈರಿಲ್ಲ. ಒಂದೇ ವೇಗದಲ್ಲಿ, ತನ್ನ ಗಾತ್ರಕ್ಕಿಂತ ಬಹಳ ಕಡಿಮೆ ಶಕ್ತಿ ಕೊಡುತ್ತಾ ವರ್ಷಗಟ್ಟಲೆ ದುಡಿಯುತ್ತದೆ.

ಇದರ ಮೂಲ ಸೂತ್ರ ಕೊಟ್ಟವರು ಜರ್ಮನಿಯ ರುಡಾಲ್ಫ್ ಡೀಸೆಲ್. 1893ರಲ್ಲಿ ಪೇಟೆಂಟ್ ಸಿಕ್ಕಿತು, 1897ರಲ್ಲಿ ಇಂಜಿನ್ ಸರಿಯಾಗಿ ಓಡಿತು. ಪೆಟ್ರೋಲ್ ಇಂಜಿನ್ನಿನಲ್ಲಿ ಪ್ಲಗ್ ಕಿಡಿ ಕೊಡುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಬೇಡ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿರುತ್ತೀರಿ. ಅದೇ ಕೆಲಸ ಇಲ್ಲಿ. ಗಾಳಿಯನ್ನು 18-20 ಪಟ್ಟು ಒತ್ತಿದರೆ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಡೀಸೆಲ್ ಇಂಜಿನ್ನಿನ ಜೀವ ಇರುವುದು ಎರಡು ಕಡೆ: ಗಾಳಿ ಎಷ್ಟು ಒಳಗೆ ಹೋಯಿತು, ಡೀಸೆಲ್ ಎಷ್ಟು ನುಣ್ಣಗೆ ಚಿಮ್ಮಿತು. ಮುಂದಿನ ನೂರು ವರ್ಷದ ಇತಿಹಾಸವೆಲ್ಲ ಈ ಎರಡರ ಸುತ್ತಲೇ ಇದೆ.

ಚಿಮ್ಮಿಸುವ ಪಂಪನ್ನು ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ತಯಾರಿಸಿದ್ದು ಬಾಷ್ ಕಂಪನಿ, 1927ರಿಂದ. 1936ರಲ್ಲಿ ಮರ್ಸಿಡಿಸ್ 260 ಡಿ ಎಂಬ ಡೀಸೆಲ್ ಕಾರು ಬಂತು. ಭಾರತಕ್ಕೆ ಈ ವಿದ್ಯೆ ಬಂದ ದಾರಿಯಲ್ಲಿ ನಮ್ಮ ಬೆಂಗಳೂರಿಗೆ ದೊಡ್ಡ ಜಾಗವಿದೆ. 1951ರಲ್ಲಿ ಬಾಷ್ ಪಾಲುದಾರಿಕೆಯಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಬೆಂಗಳೂರಿನಲ್ಲಿ ಹುಟ್ಟಿತು. ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಾದ ಪಂಪು, ನಾಜಲ್ಲುಗಳು ದೇಶದ ಲಾರಿ, ಟ್ರ್ಯಾಕ್ಟರ್‌ಗಳಿಗೆಲ್ಲ ಹೋದವು. ಗುಳೆ ಹೋದ ನಮ್ಮ ಹುಡುಗರು ಕಟ್ಟಡ ಕೆಲಸ ಮಾಡಿದ ಮೈಕೋ ಲೇಔಟ್‌ಗೆ ಹೆಸರು ಬಂದದ್ದು ಇದರಿಂದಲೇ. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯಿತು. ಆದರೆ ನಮ್ಮ ಹಳೇ ಮಿಸ್ತ್ರಿಗಳ ಬಾಯಲ್ಲಿ ಇವತ್ತಿಗೂ ಅದು "ಮೈಕೋ ಪಂಪ್".

ಸುಮೊ, ಜೀಪು, ಕ್ವಾಲಿಸ್

ಅಂಬಾಸಡರ್‌ಗೆ ಡೀಸೆಲ್ ಇಂಜಿನ್ ಬಂದಿದ್ದು 1980ರ ಆಸುಪಾಸು. ಮಹೀಂದ್ರಾ ಜೀಪುಗಳಿಗೆ ಫ್ರಾನ್ಸಿನ ಪ್ಯೂಜೊ ಕಂಪನಿಯ ಡೀಸೆಲ್ ಇಂಜಿನ್ ಕೂಡಿದ್ದೂ ಅದೇ ದಶಕದಲ್ಲಿ. 1994ರಲ್ಲಿ ಟಾಟಾ ಸುಮೊ ಬಂತು, 1,948 ಸಿ.ಸಿ., ಟರ್ಬೊ ಇಲ್ಲದ ಇಂಜಿನ್. 1998ರ ಕೊನೆಗೆ ಟಾಟಾ ಇಂಡಿಕಾ. 2000ದಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್.

ಇವುಗಳೆಲ್ಲ ಹೊಲದ ಇಂಜಿನ್ನಿನ ದೊಡ್ಡ ತಮ್ಮಂದಿರು. ಪಂಪು ಮೆಕ್ಯಾನಿಕಲ್, ನಾಜಲ್ಲು ಸ್ಪ್ರಿಂಗಿನದು. 120-150 ಬಾರ್ ಒತ್ತಡಕ್ಕೆ ಸ್ಪ್ರಿಂಗ್ ತೆರೆದುಕೊಂಡು ಡೀಸೆಲ್ ಚಿಮ್ಮುತ್ತಿತ್ತು. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿದರೆ ಸಾಕು. ಲಿಂಗಸುಗೂರು ರಸ್ತೆಯಲ್ಲಿ ಹದಿನೈದು ಜನರನ್ನು ತುಂಬಿಕೊಂಡು, ಟಾಪ್ ಮೇಲೆ ಮೆಣಸಿನಕಾಯಿ ಚೀಲ ಹೇರಿಕೊಂಡು ಓಡಿದ ಟ್ರ್ಯಾಕ್ಸ್, ಸುಮೊಗಳನ್ನು ನೋಡಿ ಬೆಳೆದವರು ನಾವು. ಅವು ಹೊಗೆ ಉಗುಳಿದವು, ಕೂಗಿದವು, ಆದರೆ ಊರು ಮುಟ್ಟಿಸಿದವು. ರಿಪೇರಿಗೆ ಸಿಂಧನೂರು, ರಾಯಚೂರಿನ ಯಾವ ಮಿಸ್ತ್ರಿಯಾದರೂ ಸಾಕಿತ್ತು.

ಈಗ ಒಂದು ಲೆಕ್ಕ ನೋಡಿ. 2000ದ ಕ್ವಾಲಿಸ್ ಇಂಜಿನ್ 2,446 ಸಿ.ಸಿ., ಶಕ್ತಿ ಸುಮಾರು 75 ಎಚ್.ಪಿ. 2007ರಲ್ಲಿ ಬಂದ ಸ್ವಿಫ್ಟ್ ಡೀಸೆಲ್ 1,248 ಸಿ.ಸಿ., ಶಕ್ತಿ ಅದೇ 75. ಇಂಜಿನ್ ಅರ್ಧ, ಶಕ್ತಿ ಅಷ್ಟೇ. ಉಳಿದರ್ಧ ಎಲ್ಲಿಂದ ಬಂತು? ನಮ್ಮ ಗ್ಯಾರೇಜುಗಳ ಮುಂದೆ ನಿಂತ ಗಾಡಿಗಳ ಕಥೆಯೆಲ್ಲ ಈ ಪ್ರಶ್ನೆಯ ಉತ್ತರದಲ್ಲಿದೆ.

ಉಳಿದರ್ಧ ಬಂದ ದಾರಿ

ಮೊದಲನೆಯದು ಟರ್ಬೊ. ಇದು ಹೊಸತೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಸುಡಬಹುದು. ಕಾರಿನ ಸಣ್ಣ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಒಂದು ಕಡೆ ಕೆಂಡದಂಥ ಹೊಗೆ, ಇನ್ನೊಂದು ಕಡೆ ತಣ್ಣನೆ ಗಾಳಿ, ನಡುವೆ ಬೆರಳು ದಪ್ಪದ ಶಾಫ್ಟು. ಅದನ್ನು ಕಾಯುವುದು ಇಂಜಿನ್ ಆಯಿಲ್‌ನ ಒಂದು ತೆಳು ಪದರ ಮಾತ್ರ.

ಎರಡನೆಯದು ಕಾಮನ್ ರೈಲ್. ಇದನ್ನು ಕಾರಿಗೆ ಒಗ್ಗಿಸಿದ್ದು ಇಟಲಿಯ ಫಿಯಟ್ ಬಳಗದ ಎಂಜಿನಿಯರುಗಳು. ತಯಾರಿಕೆಗೆ ತಂದದ್ದು ಬಾಷ್. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಬಂತು. ಇಲ್ಲಿ ಒಂದೇ ಪಂಪು ಡೀಸೆಲನ್ನು ಭಾರೀ ಒತ್ತಡದಲ್ಲಿ ಒಂದು ದಪ್ಪ ಪೈಪಿಗೆ ತುಂಬಿಡುತ್ತದೆ. ಯಾವ ನಾಜಲ್ ಯಾವ ಕ್ಷಣಕ್ಕೆ ಎಷ್ಟು ತೆರೆಯಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಒತ್ತಡ 1,600 ಬಾರ್‌ವರೆಗೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಕಾರಿನ ಟೈರಿಗೆ 32-33 ಪಾಯಿಂಟ್ ಗಾಳಿ ಹೊಡೆಸುತ್ತೇವಲ್ಲ, ಇಲ್ಲಿ 23,000. ನಾಜಲ್ಲಿನ ತೂತು ಒಂದು ಮಿಲಿಮೀಟರಿನ ಏಳೆಂಟನೇ ಒಂದು ಭಾಗ. ಪಂಪಿನೊಳಗಿನ ಭಾಗಗಳ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಆ ಸಂದಿಗೆ ಜಾರುಎಣ್ಣೆಯೂ ಅದೇ ಡೀಸೆಲ್.

ಭಾರತದಲ್ಲಿ 2002ರಲ್ಲಿ ಹ್ಯುಂಡೈ ಆಕ್ಸೆಂಟ್ ಕಾಮನ್ ರೈಲ್ ತಂದಿತು. ನಮ್ಮ ಕಡೆ ಜನಕ್ಕೆ ಗೊತ್ತಾದದ್ದು 2005ರ ಇನ್ನೋವಾದಿಂದ: ಬಿಡದಿಯಲ್ಲಿ ಜೋಡಿಸಿದ ಗಾಡಿ, 2,494 ಸಿ.ಸಿ., 102 ಎಚ್.ಪಿ., 200 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ಅಂದರೆ ಎಳೆಯುವ ಬಲ. ಏರಿನಲ್ಲಿ ಏಳು ಜನರನ್ನು ಕೂರಿಸಿಕೊಂಡು ಏರಿಸುವುದು ಅದೇ. ಆಮೇಲೆ ಬಂದದ್ದು 1.3 ಲೀಟರಿನ ಮಲ್ಟಿಜೆಟ್. ಫಿಯಟ್ ಮತ್ತು ಜನರಲ್ ಮೋಟಾರ್ಸ್ ಸೇರಿ 2003ರಲ್ಲಿ ತಂದ ಇಂಜಿನ್ ಇದು. ನಾಲ್ಕು ಸಿಲಿಂಡರ್, 16 ವಾಲ್ವ್, ಬೋರ್ 69.6 ಮಿ.ಮೀ., ಸ್ಟ್ರೋಕ್ 82 ಮಿ.ಮೀ., 2,000 ಆರ್.ಪಿ.ಎಂ.ಗೆ 190 ನ್ಯೂಟನ್ ಮೀಟರ್. ಒಂದು ಸಲ ಸುಡುವುದಕ್ಕೆ ಡೀಸೆಲನ್ನು ಐದು ಕಂತಿನವರೆಗೆ ಚಿಮ್ಮಿಸಬಲ್ಲದು, ಹಳೇ ಡೀಸೆಲ್‌ನ ಕಟಕಟ ಸದ್ದು ಕಡಿಮೆಯಾದದ್ದು ಹಾಗೆ.

ಲೈಸೆನ್ಸ್ ಪಡೆದು ಮಾರುತಿ ಸುಜುಕಿ ಬಳಗ ಇದನ್ನು ಮಾನೇಸರದಲ್ಲಿ ತಯಾರಿಸಿತು. ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ. ಟಾಟಾ ಇದನ್ನೇ ಇಂಡಿಕಾ ವಿಸ್ಟಾಗೆ ಹಾಕಿತು, ಫಿಯಟ್ ತನ್ನ ಪುಂಟೊ, ಲಿನಿಯಾಕ್ಕೆ. ಬೇರೆ ಬೇರೆ ಬಾನೆಟ್ ಕೆಳಗೆ ಒಂದೇ ಇಂಜಿನ್. ಮೋಟಾರು ಪತ್ರಕರ್ತರು ಇದಕ್ಕೆ ದೇಶದ "ನ್ಯಾಷನಲ್ ಇಂಜಿನ್" ಎಂದು ಹೆಸರಿಟ್ಟದ್ದು ಸುಮ್ಮನಲ್ಲ.

ಹಳ್ಳಿಗೆ ಇದು ಇಷ್ಟು ಬೇಗ ನುಗ್ಗಿದ್ದಕ್ಕೆ ಇಂಜಿನ್ನಿಗಿಂತ ಬಂಕಿನ ಬೋರ್ಡು ಕಾರಣ. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಹಿಡಿತ ಬಿಟ್ಟ ಕೇಂದ್ರ ಸರ್ಕಾರ ಡೀಸೆಲ್‌ನದನ್ನು ಬಿಡಲಿಲ್ಲ. 2012ರಲ್ಲಿ ಎರಡರ ನಡುವೆ ಲೀಟರಿಗೆ 30 ರೂಪಾಯಿ ಅಂತರವಿದ್ದ ದಿನಗಳೂ ಇದ್ದವು. ಜೊತೆಗೆ ಮೈಲೇಜ್ ಇಪ್ಪತ್ತು. ಬಾಡಿಗೆ ಓಡಿಸುವವನು ಇನ್ನೇನು ಕೊಳ್ಳುತ್ತಾನೆ? 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಹಿಡಿತವೂ ಹೋಯಿತು, ಅಂತರ ಕರಗುತ್ತಾ ಬಂತು. ಅಷ್ಟರಲ್ಲಿ ಗಾಡಿಗಳು ನಮ್ಮ ಓಣಿಗೆ ಬಂದಾಗಿತ್ತು.

ಕ್ಷಮಿಸದ ಇಂಜಿನ್

ಬಂದ ಗಾಡಿ ಹೊಸತು, ನೋಡಿಕೊಂಡ ರೀತಿ ಹಳೆಯದು. ನಮ್ಮ ಕಡೆ ಕಾಣುವ ದೋಷಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬಂದವು ಎಂಬುದು ನನ್ನ ಅಭಿಪ್ರಾಯ. ಇನ್ನೋವಾಕ್ಕೆ "ಸಾಯದ ಗಾಡಿ" ಎಂದು ಹೆಸರು ಬಂದದ್ದರಲ್ಲಿ ಅರ್ಧ ಪಾಲು ಅದನ್ನು ಕೊಳ್ಳುವವರು ಸರ್ವಿಸಿಗೆ ದುಡ್ಡು ಹಾಕುವವರಾಗಿದ್ದರು ಎನ್ನುವುದಕ್ಕೆ ಸಲ್ಲಬೇಕು. ಅದಕ್ಕೂ ಟೈಮಿಂಗ್ ಬೆಲ್ಟ್ ಇದೆ, ಹೇಳಿದ ಕಿಲೋಮೀಟರಿಗೆ ಬದಲಿಸದಿದ್ದರೆ ಅದೂ ಸಾಯುತ್ತದೆ.

ಮೊದಲು ಆಯಿಲ್. ಮಲ್ಟಿಜೆಟ್ ಇಂಜಿನ್ನಿನಲ್ಲಿ ಇರುವುದೇ ಮೂರು ಲೀಟರ್ ಆಸುಪಾಸು. ಅಷ್ಟರಲ್ಲೇ ಟರ್ಬೊವನ್ನೂ ಕಾಯಬೇಕು, ಟೈಮಿಂಗ್ ಚೈನನ್ನೂ ಬಿಗಿ ಹಿಡಿಯಬೇಕು. ಚೈನ್ ಬಿಗಿಯಾಗಿಡುವ ಟೆನ್ಷನರ್ ಓಡುವುದು ಆಯಿಲ್ ಒತ್ತಡದಿಂದ. ಒಂದು ಲೀಟರ್ ಇಳಿದರೂ, ಇಲ್ಲವೇ 10,000 ಕಿ.ಮೀ.ಗೆ ಬದಲಿಸಬೇಕಾದದ್ದನ್ನು 20,000ಕ್ಕೆ ಎಳೆದರೂ ಮೊದಲು ಪೆಟ್ಟು ಬೀಳುವುದು ಅಲ್ಲಿಗೆ. ಬೆಳಗ್ಗೆ ಮೊದಲ ಸ್ಟಾರ್ಟಿಗೆ ಕೆಲವು ಸೆಕೆಂಡು ಸರಪಳಿ ಉಜ್ಜಿದಂತೆ ಖರಖರ ಸದ್ದು ಬಂದರೆ ಅದೇ ಮುನ್ಸೂಚನೆ. ಅಲ್ಲೇ ಚೈನ್ ಕಿಟ್ ಹಾಕಿಸಿದರೆ ಸಾವಿರಗಳಲ್ಲಿ ಮುಗಿಯುತ್ತದೆ. ಚೈನ್ ಹಲ್ಲು ಜಿಗಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಹೆಡ್ ಇಳಿಸಬೇಕಾಗುತ್ತದೆ. ಆಗಿನ ಲೆಕ್ಕ ಬೇರೆ.

ಟರ್ಬೊ ಹೋಗುವುದೂ ಆಯಿಲ್‌ನಿಂದಲೇ. ರಾಯಚೂರಿನಿಂದ ಜೋರಾಗಿ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದ ಕ್ಷಣವೇ ಚಾವಿ ತಿರುಗಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ. ಕೆಂಡವಾದ ಟರ್ಬೊ ಒಳಗೆ ಉಳಿದ ಆಯಿಲ್ ಸೀದು ಮಸಿಯಾಗುತ್ತದೆ. ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟರೆ ಮುಗಿಯಿತು. ನೀಲಿ ಹೊಗೆ, ಆಯಿಲ್ ಕಡಿಮೆಯಾಗುವುದು, ಶಿಳ್ಳೆಯಂಥ ಸದ್ದು, ಇವು ಟರ್ಬೊ ಸೀಲ್ ಸೋರುವ ಗುರುತುಗಳು. ಇಲ್ಲಿ ಒಂದು ಅಪಾಯ ಎಲ್ಲ ಚಾಲಕರಿಗೂ ಗೊತ್ತಿರಬೇಕು. ಸೋರಿದ ಆಯಿಲ್ ಇಂಜಿನ್ನಿನೊಳಗೆ ಹೋದರೆ ಡೀಸೆಲ್ ಬದಲು ಅದೇ ಸುಡಲು ಶುರುವಾಗುತ್ತದೆ. ಎಕ್ಸಿಲೇಟರ್ ಮುಟ್ಟದಿದ್ದರೂ ಇಂಜಿನ್ ಕೂಗುತ್ತಾ ಏರುತ್ತದೆ, ಚಾವಿ ತೆಗೆದರೂ ನಿಲ್ಲುವುದಿಲ್ಲ. ಆಗ ಮೇಲಿನ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ತುಳಿದು, ಕ್ಲಚ್ ಬಿಟ್ಟು ಇಂಜಿನ್ ಆರಿಸಬೇಕು. ಆಗದಿದ್ದರೆ ಗಾಡಿಯಿಂದ ಎಲ್ಲರನ್ನೂ ದೂರ ಇಳಿಸಿ.

ಟರ್ಬೊ ಸರಿ ಇದ್ದೂ ಗಾಡಿ ಎಳೆಯದಿದ್ದರೆ ಮೊದಲು ರಬ್ಬರ್ ಹೋಸ್ ನೋಡಿಸಿ. ಟರ್ಬೊದಿಂದ ಬರುವ ಗಾಳಿಯ ಪೈಪು ಸೀಳಿದ್ದರೆ ಪಿಕಪ್ ಹೋಗುತ್ತದೆ, ಕಪ್ಪು ಹೊಗೆ ಬರುತ್ತದೆ. ಹೋಸ್ ಬದಲಿಸಿದರೆ ಆಗುವ ಕೆಲಸಕ್ಕೆ ಹೊಸ ಟರ್ಬೊ ಹಾಕಿಸಿಕೊಂಡವರಿದ್ದಾರೆ. ಏರ್ ಫಿಲ್ಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭತ್ತದ ಕಟಾವಿನ ಕಾಲದಲ್ಲಿ ನಮ್ಮ ರಸ್ತೆಗಳ ಧೂಳು ನೋಡಿದವರಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಇಲ್ಲಿ ನಡೆಯುವುದಿಲ್ಲ ಎನ್ನುವುದು ಗೊತ್ತು.

ಇನ್ನು ಡೀಸೆಲ್. ಟ್ರ್ಯಾಕ್ಟರಿಗೆಂದು ಮನೆಯಲ್ಲಿ ಡ್ರಮ್ಮಿನಲ್ಲಿ ತುಂಬಿಟ್ಟ ಡೀಸೆಲ್ಲನ್ನೇ ಕಾರಿಗೂ ಸುರಿಯುವುದು ನಮ್ಮಲ್ಲಿ ರೂಢಿ. ಡ್ರಮ್ಮಿನ ತಳದಲ್ಲಿ ತುಕ್ಕು ಇರುತ್ತದೆ, ರಾತ್ರಿ ತಂಪಿಗೆ ನೀರು ಇಳಿದಿರುತ್ತದೆ. ಹಳೇ ಟ್ರ್ಯಾಕ್ಟರಿನ ನಾಜಲ್ಲು ಅದನ್ನು ಹೇಗೋ ನುಂಗುತ್ತದೆ. 23,000 ಪಾಯಿಂಟ್ ಒತ್ತಡದಲ್ಲಿ ಅದೇ ತುಕ್ಕು ಮರಳುಕಾಗದದಂತೆ ಉಜ್ಜುತ್ತದೆ. ಸೀಮೆಎಣ್ಣೆ ಬೆರಕೆಯಾದರೆ ಪಂಪಿಗೆ ಜಾರುಎಣ್ಣೆಯೇ ಇಲ್ಲದಂತಾಗುತ್ತದೆ. ಪಂಪು ಸವೆದ ಲೋಹದ ಪುಡಿ ರೈಲಿಗೆ, ನಾಲ್ಕು ನಾಜಲ್ಲಿಗೆ, ಟ್ಯಾಂಕಿಗೆ ಹೋಗುತ್ತದೆ. ಎಲ್ಲವನ್ನೂ ಬದಲಿಸಬೇಕು. ಹಳೇ ಸ್ವಿಫ್ಟಿನ ಮಾರಾಟ ಬೆಲೆಯಲ್ಲಿ ದೊಡ್ಡ ಪಾಲನ್ನು ಆ ಬಿಲ್ಲೇ ನುಂಗುತ್ತದೆ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಿಡುವ ನಟ್ಟು ಇದೆ. ಬಿಚ್ಚಿ ನೀರು ಬಿಡುವ ಐದು ನಿಮಿಷದ ಕೆಲಸವನ್ನು ಎಷ್ಟು ಜನ ಮಾಡಿಸುತ್ತಾರೆ ಎಂದು ನಿಮ್ಮ ಮಿಸ್ತ್ರಿಯನ್ನೇ ಕೇಳಿ.

ತಳ್ಳಿ ಸ್ಟಾರ್ಟ್ ಮಾಡುವ ಕಾಲವೂ ಹೋಯಿತು. ಬ್ಯಾಟರಿ ಪೂರ್ತಿ ಸತ್ತರೆ ಕಂಪ್ಯೂಟರ್ ಏಳುವುದಿಲ್ಲ, ಕಂಪ್ಯೂಟರ್ ಏಳದೆ ನಾಜಲ್ ತೆರೆಯುವುದಿಲ್ಲ. ಸವೆದ ನಾಜಲ್ಲುಗಳಿಂದ ಡೀಸೆಲ್ ಹಿಂದಕ್ಕೆ ಸೋರುತ್ತಿದ್ದರೆ ರೈಲಿನಲ್ಲಿ ಒತ್ತಡ ಕೂಡುವುದಿಲ್ಲ, ಆಗಲೂ ಸೆಲ್ಫ್ ತಿರುಗುತ್ತದೆ, ಗಾಡಿ ಹೊತ್ತುವುದಿಲ್ಲ. ಗರ್ಭಿಣಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುವ ಗಾಡಿಗೆ ನಾಲ್ಕೈದು ವರ್ಷದ ಹಳೇ ಬ್ಯಾಟರಿ ಇಟ್ಟುಕೊಂಡು ಓಡಾಡುವುದು ಬೇಡ.

ಇ.ಜಿ.ಆರ್. ವಾಲ್ವ್ ಎಂಬುದೊಂದಿದೆ. ಮಾಲಿನ್ಯ ತಗ್ಗಿಸಲು ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ನಿಗೇ ಕಳಿಸುತ್ತದೆ. ಊರೊಳಗೆ, ಗುಂಡಿ ರಸ್ತೆಯಲ್ಲಿ ಮೂವತ್ತರ ವೇಗದಲ್ಲೇ ಓಡುವ ಗಾಡಿಗಳಲ್ಲಿ ಅದು ಮಸಿ ಕಟ್ಟಿ ಅಂಟಿಕೊಳ್ಳುತ್ತದೆ. ನಿಂತಲ್ಲೇ ಗಾಡಿ ನಡುಗುತ್ತದೆ, ಚೆಕ್ ಲೈಟ್ ಹತ್ತುತ್ತದೆ, ಕಂಪ್ಯೂಟರ್ ತಾನೇ ಶಕ್ತಿ ಕಡಿಮೆ ಮಾಡುತ್ತದೆ. ಬಿಚ್ಚಿ ತೊಳೆಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ತಗಡು ಹಾಕಿ ಮುಚ್ಚಿಸುವ ಉಪಾಯ ಬೇಡ, ಅದು ಹೊಗೆ ಕಾನೂನಿಗೂ ವಿರುದ್ಧ.

ಬೇಸಿಗೆಯಲ್ಲಿ ನಮ್ಮ ಜಿಲ್ಲೆ 42 ಡಿಗ್ರಿ ದಾಟುತ್ತದೆ. ರೇಡಿಯೇಟರಿಗೆ ಕೂಲೆಂಟ್ ಬದಲು ಬೋರಿನ ಉಪ್ಪುನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಈ ಇಂಜಿನ್ನಿನ ಹೆಡ್ ಅಲ್ಯುಮಿನಿಯಂನದು. ಒಮ್ಮೆ ವಿಪರೀತ ಹೀಟ್ ಆದರೆ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಹೀಟ್ ಮುಳ್ಳು ಮೇಲೇರಿದ ಮೇಲೂ "ಇನ್ನೆರಡು ಕಿಲೋಮೀಟ್ರು, ಊರೇ ಬಂತು" ಎಂದು ಓಡಿಸಿದ್ದೇ ಎಷ್ಟೋ ಇಂಜಿನ್ನುಗಳ ಕೊನೆ ಓಟ.

ದಿಲ್ಲಿ ಗಾಡಿ ಬಂದಾಗ

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಸಣ್ಣ ಡೀಸೆಲ್ ಇಂಜಿನ್ನನ್ನು ಅದಕ್ಕೆ ತಕ್ಕಂತೆ ಬದಲಿಸಿದರೆ ಗಾಡಿಯ ಬೆಲೆ ಬಹಳ ಏರುತ್ತದೆಂದು ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಆ 1.3 ಇಂಜಿನ್ನಿನ ಕಥೆ ನಮ್ಮ ದೇಶದಲ್ಲಿ ಅಲ್ಲಿಗೆ ಮುಗಿಯಿತು. ದೊಡ್ಡ ಡೀಸೆಲ್‌ಗಳು ಉಳಿದಿವೆ. ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಇಂಜಿನ್ ತಯಾರಾಗಿದ್ದು ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ.

ಹೊಸತು ಬರುವುದು ನಿಂತರೂ ಹಳೆಯವು ಬರುತ್ತಲೇ ಇವೆ. ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿಂದ ಎನ್.ಒ.ಸಿ. ಪಡೆದು ಅಗ್ಗಕ್ಕೆ ಹೊರಬಿದ್ದ ಗಾಡಿಗಳು ದೇಶದ ಎಲ್ಲ ಕಡೆ ಹರಡಿದವು. ಫೋನಿನಲ್ಲಿ ಫೋಟೊ ನೋಡಿದರೆ ಹೊಳೆಯುತ್ತಿರುತ್ತವೆ. ಬಾಡಿ ಹೊಳೆದರೆ ಸಾಲದು. ಇಲ್ಲಿನ ಆರ್.ಟಿ.ಒ. ತೆರಿಗೆ, ಮರುನೋಂದಣಿ ಖರ್ಚನ್ನು ಗಾಡಿ ಬೆಲೆಗೆ ಕೂಡಿಸಿ ಮೊದಲು ಲೆಕ್ಕ ಹಾಕಿ.

ನೋಡಲು ಹೋಗುವುದಾದರೆ ಬೆಳಗ್ಗೆ ಹೋಗಿ, ಇಂಜಿನ್ ರಾತ್ರಿಯಿಡೀ ತಣ್ಣಗಿದ್ದಿರಬೇಕು. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ಮೊದಲ ಸ್ಟಾರ್ಟಿನಲ್ಲಿ ಚೈನ್ ಸದ್ದು ಕೇಳಿ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆರೆದು ನೋಡಿ, ಹೊಗೆ ಭುಸುಭುಸು ಎಂದು ಏಳುತ್ತಿದ್ದರೆ ಒಳಗೆ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಮೂರನೇ ಗೇರಿನಲ್ಲಿ 2,000 ಆರ್.ಪಿ.ಎಂ. ದಾಟುವಾಗ ಬೆನ್ನಿಗೆ ಸೀಟು ಒತ್ತಬೇಕು. ಒತ್ತದಿದ್ದರೆ ಟರ್ಬೊ, ಹೋಸ್ ಎರಡನ್ನೂ ಅನುಮಾನಿಸಿ. ಮೀಟರಿನ ಕಿಲೋಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಸ್ಕ್ಯಾನರ್ ಇರುವ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ದು ನಾಲ್ಕೂ ನಾಜಲ್ಲುಗಳಿಂದ ಹಿಂದಕ್ಕೆ ಬರುವ ಡೀಸೆಲ್ಲನ್ನು ನಾಲ್ಕು ಬಾಟಲಿಯಲ್ಲಿ ಹಿಡಿಸಿ ನೋಡಿ. ಒಂದು ಬಾಟಲಿ ಉಳಿದವುಗಳಿಗಿಂತ ಬೇಗ ತುಂಬಿದರೆ ಆ ನಾಜಲ್ ಸವೆದಿದೆ. ಮಾರುವವರು "ಅದೆಲ್ಲ ಬ್ಯಾಡ ಅಣ್ಣಾ, ಇಂಜಿನ್ ಸೀಲ್ ಅದ" ಎಂದರೆ ಬಸ್ಸಿಗೆ ವಾಪಸ್ ಬನ್ನಿ.